ಲಿಂಬೆಯ ಚುಕ್ಕೆ, ದಾಳಿಂಬೆಯ ಕಲೆ: ಬ್ಯಾಕ್ಟೀರಿಯಾವನ್ನು ಬೆಳೆಸಿ, ಬಣ್ಣ ಹಚ್ಚಿ, ಗುರುತಿಸುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ತೋಟಗಳಲ್ಲಿ ಎಲೆಯ ಮೇಲೊಂದು ಚುಕ್ಕೆ ಕಾಣಿಸಿಕೊಂಡರೆ, ಆ ಎಲೆಯನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು ಔಷಧದಂಗಡಿಗೆ ಹೋಗುವುದು ವಾಡಿಕೆ. ಅಂಗಡಿಯಾತ ಅದನ್ನು ಬೆಳಕಿಗೆ ಹಿಡಿದು ನೋಡಿ ಒಂದು ಶಿಲೀಂಧ್ರನಾಶಕವನ್ನೂ ಒಂದು ಆಂಟಿಬಯಾಟಿಕ್ ಪುಡಿಯನ್ನೂ ಒಟ್ಟಿಗೇ ಕೊಡುವುದುಂಟು. ಎರಡರಲ್ಲೊಂದು ನಾಟೀತು ಎಂಬುದು ಲೆಕ್ಕಾಚಾರ. ಚುಕ್ಕೆಯನ್ನು ಶಿಲೀಂಧ್ರವೂ ಉಂಟುಮಾಡಬಲ್ಲದು, ಬ್ಯಾಕ್ಟೀರಿಯಾವೂ ಉಂಟುಮಾಡಬಲ್ಲದು. ಒಂದಕ್ಕೆ ಮದ್ದಾದದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ಮದ್ದಲ್ಲ. ಇವೆರಡನ್ನು ಬೇರ್ಪಡಿಸಿ ಹೇಳುವುದು ಬರಿಗಣ್ಣಿಗೆ ಸಾಧ್ಯವಾಗದಾಗ ಪ್ರಯೋಗಾಲಯದ ಕೆಲಸ ಆರಂಭವಾಗುತ್ತದೆ.

ಜಿಐ ಮಾನ್ಯತೆ ಪಡೆದಿರುವ ಇಂಡಿ ಲಿಂಬೆಯನ್ನು ಕಾಡುವುದು ಕಜ್ಜಿ ರೋಗ. ಎಲೆಯ ಎರಡೂ ಬದಿಯಲ್ಲಿ ಉಬ್ಬಿದ, ಒರಟಾದ ಕಂದು ಚುಕ್ಕೆ, ಅದರ ಸುತ್ತ ಹಳದಿ ಬಳೆ. ರಂಗೋಲಿ ಹುಳು ಕೊರೆದ ಗಾಯ ಸಿಕ್ಕಿದರೆ ರೋಗ ಸಲೀಸಾಗಿ ಒಳಹೊಗುತ್ತದೆ. ಕಜ್ಜಿಯಾದ ಹಣ್ಣಿನ ರಸ ಕೆಡುವುದಿಲ್ಲ, ಆದರೆ ಸಿಪ್ಪೆ ನೋಡಿ ಬೆಲೆ ಕಟ್ಟುವ ಮಾರುಕಟ್ಟೆಯಲ್ಲಿ ಅದಕ್ಕೆ ದರವಿಲ್ಲ. ದಾಳಿಂಬೆಯದು ಇನ್ನೂ ಕಠಿಣ ಕಥೆ. ಅದರ ದುಂಡಾಣು ಅಂಗಮಾರಿ ರೋಗವು ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. ಹಲವು ದಶಕ ಸದ್ದಿಲ್ಲದೆ ಇದ್ದ ಈ ರೋಗ 2000ದ ನಂತರ ಕರ್ನಾಟಕ, ಮಹಾರಾಷ್ಟ್ರಗಳ ತೋಟಗಳಲ್ಲಿ ಉಗ್ರರೂಪ ತಾಳಿತು. ಎಲೆಯ ಮೇಲೆ ಎಣ್ಣೆ ಚಿಮುಕಿಸಿದಂತೆ ಕಾಣುವ ಮಚ್ಚೆ, ಹಣ್ಣಿನ ಮೇಲೆ ಕಪ್ಪು ಕಲೆ, ಕೊನೆಗೆ ಆ ಕಲೆಯಲ್ಲೇ ಸೀಳು. ಗಡಿಯಾಚೆಯ ಸೋಲಾಪುರದ ರೈತರು ಇದನ್ನು ಎಣ್ಣೆಯ ಹೆಸರಿನಿಂದಲೇ ‘ತೇಲ್ಯಾ’ ಎನ್ನುತ್ತಾರೆ. ಸೋಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಸ್ಥಾಪನೆಗೊಂಡದ್ದು 2005ರಲ್ಲಿ.

ಎರಡೂ ರೋಗಗಳ ಹಿಂದಿರುವುದು ಕ್ಸಾಂತೊಮೋನಾಸ್ ಎಂಬ ಒಂದೇ ಕುಲದ ಬ್ಯಾಕ್ಟೀರಿಯಾ. ಗ್ರೀಕ್ ಭಾಷೆಯಲ್ಲಿ ‘ಕ್ಸಾಂತೋಸ್’ ಎಂದರೆ ಹಳದಿ. ಇದೇ ಕುಲದ ಮತ್ತೊಂದು ಜೀವಿ ಸ್ರವಿಸುವ ಲೋಳೆಯೇ ಐಸ್‌ಕ್ರೀಂ, ಸಾಸ್‌ಗಳನ್ನು ಮಂದಗೊಳಿಸುವ ಕ್ಸಾಂತನ್ ಗಮ್. ನಗರದ ಅಡುಗೆಮನೆಗೂ ಇಂಡಿಯ ತೋಟಕ್ಕೂ ಇಂಥದೊಂದು ನಂಟಿದೆ ಎಂಬುದು ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ.

ಮೊದಲ ಪರೀಕ್ಷೆ: ಒಂದು ಹನಿ ನೀರು

ಯಾವ ಬಣ್ಣವೂ, ಯಾವ ಮಾಧ್ಯಮವೂ ಬೇಡದ ಪರೀಕ್ಷೆಯೊಂದಿದೆ. ಹೊಸ ಚುಕ್ಕೆಯ ಅಂಚಿನಲ್ಲಿ, ರೋಗದ ಭಾಗವೂ ಹಸಿರು ಭಾಗವೂ ಕೂಡುವಲ್ಲಿ, ಬ್ಲೇಡಿನಿಂದ ಸಣ್ಣ ತುಣುಕನ್ನು ಕತ್ತರಿಸಿ ಗಾಜಿನ ಪಟ್ಟಿಯ ಮೇಲಿನ ನೀರಹನಿಯಲ್ಲಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಕ್ಕೆ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಒಂದೆರಡು ನಿಮಿಷಗಳಲ್ಲಿ ಕತ್ತರಿಸಿದ ಅಂಚಿನಿಂದ ಊದಿನಕಡ್ಡಿಯ ಹೊಗೆಯಂತೆ ಮಬ್ಬಾದ ಪ್ರವಾಹವೊಂದು ನೀರಿಗೆ ಇಳಿಯತೊಡಗುತ್ತದೆ. ಆ ಹೊಗೆಯೇ ಲಕ್ಷಾಂತರ ಜೀವಕೋಶಗಳು. ಶಿಲೀಂಧ್ರವಾಗಿದ್ದರೆ ಇಂಥ ಹೊಗೆ ಇರುವುದಿಲ್ಲ. ಬದಲಿಗೆ ನೂಲಿನಂಥ ಎಳೆಗಳೋ ಬೀಜಕಣಗಳೋ ಕಾಣಸಿಗುತ್ತವೆ. ಅಂಗಡಿಯ ಎದುರು ನಿಂತ ರೈತನ ಪ್ರಶ್ನೆಗೆ ಅರ್ಧ ಉತ್ತರ ಇಷ್ಟರಲ್ಲೇ ದೊರೆಯುತ್ತದೆ. ಆದರೆ ಯಾವ ಬ್ಯಾಕ್ಟೀರಿಯಾ ಎಂಬುದು ಇದರಿಂದ ತಿಳಿಯದು. ಅದಕ್ಕೆ ಅದನ್ನು ಒಂಟಿಯಾಗಿ ಬೆಳೆಸಬೇಕಾಗುತ್ತದೆ.

ಬೆಳೆಸುವುದು

ಬ್ಯಾಕ್ಟೀರಿಯಾಕ್ಕೆ ಉಣಿಸುವ ಸಾಮಾನ್ಯ ಮಾಧ್ಯಮ ನ್ಯೂಟ್ರಿಯಂಟ್ ಅಗರ್. ಒಂದು ಲೀಟರ್ ನೀರಿಗೆ 5 ಗ್ರಾಂ ಪೆಪ್ಟೋನ್, 3 ಗ್ರಾಂ ಮಾಂಸಸಾರ ಬೆರೆಸಿ, ಗಟ್ಟಿಗೊಳಿಸಲು ಸುಮಾರು 15 ಗ್ರಾಂ ಅಗರ್ ಹಾಕಲಾಗುತ್ತದೆ. ಅಗರ್ ಎಂಬುದು ಕಡಲ ಪಾಚಿಯಿಂದ ತೆಗೆದದ್ದು. ಸಿಹಿತಿನಿಸಿಗೆ ಬಳಸುವ ಚೈನಾ ಗ್ರಾಸ್ ಇದೇ. ಪ್ರಯೋಗಾಲಯಕ್ಕೆ ಇದನ್ನು ತಂದ ಶ್ರೇಯ ಓರ್ವ ಗೃಹಿಣಿಗೆ ಸಲ್ಲುತ್ತದೆ. ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಮೊದಮೊದಲು ಆಲೂಗಡ್ಡೆಯ ಹೋಳು, ಬಳಿಕ ಜೆಲಾಟಿನ್ ಬಳಕೆಯಲ್ಲಿದ್ದವು. ಜೆಲಾಟಿನ್ ಬೇಸಿಗೆಯಲ್ಲಿ ಕರಗಿ ನೀರಾಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳಂತೂ ಅದನ್ನೇ ತಿಂದು ಹಾಕುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಥರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ, ತಮ್ಮ ಅಡುಗೆಯಲ್ಲಿ ಬಳಸುತ್ತಿದ್ದ ಅಗರನ್ನು 1881ರ ವೇಳೆಗೆ ಸೂಚಿಸಿದರು. ಅಗರ್ ಕರಗಲು ಸುಮಾರು 85 ಡಿಗ್ರಿ ಸೆಲ್ಸಿಯಸ್ ಬೇಕು, ಮತ್ತೆ ಗಟ್ಟಿಯಾಗುವುದು 40ರ ಆಸುಪಾಸಿನಲ್ಲಿ. ವಿಜಯಪುರದ ಬೇಸಿಗೆಯಲ್ಲಿ ಜೆಲಾಟಿನ್ ನೆಚ್ಚಿಕೊಂಡಿದ್ದರೆ ತಟ್ಟೆಯಲ್ಲಿ ಬರಿಯ ಸಾರು ಉಳಿಯುತ್ತಿತ್ತು. ಮುಚ್ಚಳವಿರುವ ಚಪ್ಪಟೆ ಗಾಜಿನ ತಟ್ಟೆಯನ್ನು 1887ರಲ್ಲಿ ರೂಪಿಸಿದ ಜೂಲಿಯಸ್ ಪೆಟ್ರಿ ಕೂಡ ಕಾಕ್ ಅವರ ಬಳಗದವರೇ.

ಮಾಧ್ಯಮವನ್ನು ಆಟೊಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿ ಅದರಲ್ಲಿರುವ ಎಲ್ಲ ಜೀವಿಗಳನ್ನು ಕೊಲ್ಲಲಾಗುತ್ತದೆ. ತತ್ತ್ವದಲ್ಲಿ ಇದು ಪ್ರೆಶರ್ ಕುಕ್ಕರ್‌ಗಿಂತ ಬೇರೆಯಲ್ಲ. ರೋಗಪೀಡಿತ ಎಲೆಯ ತುಣುಕನ್ನು ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಅದ್ದಿ, ಜೀವಾಣುರಹಿತ ನೀರಿನಲ್ಲಿ ಮೂರು ಬಾರಿ ತೊಳೆಯಬೇಕು. ಇದರಿಂದ ಎಲೆಯ ಮೇಲೆ ಕುಳಿತಿರುವ ಧೂಳಿನ ಸೂಕ್ಷ್ಮಾಣುಗಳು ಸಾಯುತ್ತವೆ, ಒಳಗಿರುವ ರೋಗಕಾರಕ ಉಳಿಯುತ್ತದೆ. ಆ ತುಣುಕನ್ನು ಒಂದೆರಡು ಹನಿ ನೀರಿನಲ್ಲಿ ಅರೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದ ತಂತಿಯ ಕುಣಿಕೆಯಿಂದ ತೆಗೆದು ಅಗರ್ ಮೇಲೆ ಗೆರೆ ಎಳೆಯಲಾಗುತ್ತದೆ. ಮೊದಲ ಗೆರೆಗಳ ಕೊನೆಯಿಂದ ಎರಡನೆಯವು, ಎರಡನೆಯವುಗಳ ಕೊನೆಯಿಂದ ಮೂರನೆಯವು. ಪ್ರತಿ ಬಾರಿಯೂ ಕುಣಿಕೆಯನ್ನು ಕಾಯಿಸಿ ಆರಿಸುವುದನ್ನು ಮರೆಯುವಂತಿಲ್ಲ. ಕೊನೆಯ ಗೆರೆಗಳಲ್ಲಿ ಕೋಶಗಳು ಚದುರಿ ಒಂದೊಂದಾಗಿ ಬೀಳುತ್ತವೆ, ಒಂದೊಂದು ಕೋಶವೂ ಒಂದೊಂದು ಕಾಲೊನಿಯಾಗಿ ಬೆಳೆಯುತ್ತದೆ. ಈ ಪ್ರತ್ಯೇಕ ಕಾಲೊನಿಯೇ ಮುಂದಿನ ಎಲ್ಲ ಪರೀಕ್ಷೆಗಳ ಆಧಾರ.

ತಟ್ಟೆಗಳನ್ನು ತಲೆಕೆಳಗಾಗಿಸಿ 28ರಿಂದ 30 ಡಿಗ್ರಿಯಲ್ಲಿ ಇಡಬೇಕು. ಹೊರಗೆ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಬರಿದೇ ಬಿಸಿ ಮಾಡುವ ಇನ್‌ಕ್ಯುಬೇಟರ್ ಇಲ್ಲಿ ಉಪಯೋಗಕ್ಕೆ ಬಾರದು. ತಂಪು ಮಾಡಬಲ್ಲ ಬಿಒಡಿ ಇನ್‌ಕ್ಯುಬೇಟರ್ ಬೇಕು, ಅದಕ್ಕೆ ಕಡಿತವಿಲ್ಲದ ವಿದ್ಯುತ್ತೂ ಬೇಕು. ಲಿಂಬೆ ಕಜ್ಜಿಯ ಬ್ಯಾಕ್ಟೀರಿಯಾ ಎರಡು ಮೂರು ದಿನಗಳಲ್ಲಿ ದುಂಡಗಿನ, ಹೊಳೆಯುವ, ಲೋಳೆಯಾದ ಹಳದಿ ಕಾಲೊನಿಯಾಗಿ ಕಾಣಿಸಿಕೊಳ್ಳುತ್ತದೆ. ದಾಳಿಂಬೆಯದು ನಿಧಾನಿ, ಮೂರು ನಾಲ್ಕು ದಿನ ಕಾಯಬೇಕು, ಬಣ್ಣವೂ ಮಾಸಲು ಹಳದಿ.

ಅನನುಭವಿಗಳು ಮೋಸಹೋಗುವುದು ಇಲ್ಲಿಯೇ. ಎಲೆಯ ಮೇಲೆ ನಿರುಪದ್ರವಿಯಾಗಿ ವಾಸಿಸುವ ಪ್ಯಾಂಟೋಯಿಯಾ ಎಂಬ ಇನ್ನೊಂದು ಹಳದಿ ಬ್ಯಾಕ್ಟೀರಿಯಾ ಮರುದಿನವೇ ತಟ್ಟೆ ತುಂಬ ಬೆಳೆದು ನಿಲ್ಲುತ್ತದೆ. ಹಳದಿ ಕಂಡ ಸಂತಸದಲ್ಲಿ ಅದನ್ನೇ ರೋಗಕಾರಕವೆಂದು ಬರೆದುಕೊಂಡರೆ ಮುಂದಿನದೆಲ್ಲ ವ್ಯರ್ಥ.

ಬಣ್ಣ ಹಚ್ಚುವುದು

ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅವರು ಬರ್ಲಿನ್‌ನಲ್ಲಿದ್ದಾಗ 1884ರಲ್ಲಿ ಪ್ರಕಟಿಸಿದ ವರ್ಣಲೇಪನ ವಿಧಾನ ಇಂದಿಗೂ ಮೊದಲ ಹೆಜ್ಜೆಯಾಗಿ ಉಳಿದಿದೆ. ಕಾಲೊನಿಯ ಅತ್ಯಲ್ಪ ಭಾಗವನ್ನು ನೀರಹನಿಯಲ್ಲಿ ತೆಳ್ಳಗೆ ಹರಡಿ, ಒಣಗಿಸಿ, ಗಾಜಿನ ಪಟ್ಟಿಯನ್ನು ಜ್ವಾಲೆಯ ಮೇಲೆ ಎರಡು ಮೂರು ಬಾರಿ ಹಾಯಿಸಿದರೆ ಕೋಶಗಳು ಗಾಜಿಗೆ ಅಂಟುತ್ತವೆ. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ನಂತರ ಮದ್ಯಸಾರದಿಂದ ಕೆಲವೇ ಸೆಕೆಂಡುಗಳ ತೊಳೆತ, ಕೊನೆಗೆ ಸಫ್ರಾನಿನ್ ಅರ್ಧದಿಂದ ಒಂದು ನಿಮಿಷ. ದಪ್ಪ ಕೋಶಭಿತ್ತಿಯ ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ಇವು ಗ್ರಾಮ್ ಧನ. ತೆಳು ಭಿತ್ತಿಯವು ಅದನ್ನು ಕಳೆದುಕೊಂಡು ಸಫ್ರಾನಿನ್ನಿನ ಗುಲಾಬಿ ಬಣ್ಣ ತಾಳುತ್ತವೆ. ಇವು ಗ್ರಾಮ್ ಋಣ. ಕ್ಸಾಂತೊಮೋನಾಸ್ ಗುಲಾಬಿ ಬಣ್ಣದ ಚಿಕ್ಕ ದಂಡಗಳಂತೆ ಕಾಣುತ್ತದೆ.

ಎಡವುವುದು ಮದ್ಯಸಾರದ ಹಂತದಲ್ಲಿ. ತುಸು ಹೆಚ್ಚು ತೊಳೆದರೆ ಧನವೂ ಋಣವಾಗಿ ತೋರುತ್ತದೆ, ಲೇಪ ದಪ್ಪವಾದರೆ ಋಣವೂ ನೇರಳೆಯಾಗಿ ಉಳಿಯುತ್ತದೆ, ಹಳತಾದ ಕಾಲೊನಿ ಎರಡನ್ನೂ ಕಲಸಿ ತೋರಿಸುತ್ತದೆ. ಆದಕಾರಣ ಪರಿಚಿತವಾದ ಒಂದು ಧನ, ಒಂದು ಋಣ ಬ್ಯಾಕ್ಟೀರಿಯಾವನ್ನು ಪಕ್ಕದಲ್ಲೇ ಲೇಪಿಸಿ ಹೋಲಿಸುವುದು ಒಳ್ಳೆಯ ಪದ್ಧತಿ. ಫಲಿತಾಂಶವನ್ನು ತಾಳೆ ನೋಡಲು ಬಣ್ಣವಿಲ್ಲದ ಉಪಾಯವೂ ಇದೆ: ಶೇ 3ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಕಾಲೊನಿಯನ್ನು ಕಲಸಿ ಕುಣಿಕೆಯನ್ನು ಮೇಲೆತ್ತಿದಾಗ ಬೆಲ್ಲದ ಪಾಕದಂತೆ ಎಳೆ ಬಂದರೆ ಅದು ಗ್ರಾಮ್ ಋಣ.

ಗುರುತಿಸುವುದು

ಪ್ಯಾಂಟೋಯಿಯಾವೂ ಗ್ರಾಮ್ ಋಣವೇ ಆದ್ದರಿಂದ ಬಣ್ಣ ಹಚ್ಚುವುದರಿಂದ ಅನುಮಾನ ಪೂರ್ತಿ ಪರಿಹಾರವಾಗದು. ಆಗ ಬ್ಯಾಕ್ಟೀರಿಯಾ ಏನನ್ನು ತಿನ್ನುತ್ತದೆ, ಹೇಗೆ ಉಸಿರಾಡುತ್ತದೆ ಎಂದು ನೋಡಲಾಗುತ್ತದೆ. ಗ್ಲೂಕೋಸ್ ಮಾಧ್ಯಮದ ಎರಡು ಕೊಳವೆಗಳಲ್ಲಿ ಒಂದನ್ನು ತೆರೆದಿಟ್ಟು, ಇನ್ನೊಂದರ ಮೇಲೆ ಪ್ಯಾರಾಫಿನ್ ಸುರಿದು ಗಾಳಿ ತಡೆದರೆ, ಪ್ಯಾಂಟೋಯಿಯಾ ಎರಡರಲ್ಲೂ ಆಮ್ಲ ಉಂಟುಮಾಡುತ್ತದೆ. ಆಮ್ಲಜನಕವಿಲ್ಲದೆ ಬದುಕಲಾರದ ಕ್ಸಾಂತೊಮೋನಾಸ್‌ನಿಂದ ಮುಚ್ಚಿದ ಕೊಳವೆಯಲ್ಲಿ ಬಣ್ಣ ಬದಲಾಗದು. ಪಿಷ್ಟ ಬೆರೆಸಿದ ಅಗರ್ ಮೇಲೆ ಬೆಳೆಸಿ ಅಯೋಡಿನ್ ಸುರಿದಾಗ ತಟ್ಟೆಯೆಲ್ಲ ನೀಲಿಯಾಗಿ, ಪಿಷ್ಟವನ್ನು ಜೀರ್ಣಿಸಿಕೊಂಡ ಕ್ಸಾಂತೊಮೋನಾಸ್ ಕಾಲೊನಿಯ ಸುತ್ತ ಮಾತ್ರ ಬಿಳಿಯ ವೃತ್ತ ಉಳಿಯುತ್ತದೆ. ಕ್ಯಾಟಲೇಸ್ ಮುಂತಾದ ಇನ್ನೂ ಕೆಲವು ಪರೀಕ್ಷೆಗಳುಂಟು.

ಇಷ್ಟಾದರೂ ಲಿಂಬೆಯದೋ ದಾಳಿಂಬೆಯದೋ ಎಂಬುದನ್ನು ತಟ್ಟೆ ಹೇಳದು. ಹಳೆಯ, ನಂಬಲರ್ಹ ಮಾರ್ಗವೆಂದರೆ ಕಾಕ್ ಸೂತ್ರ: ಬೆಳೆಸಿದ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಸಸಿಯ ಎಲೆಗೆ ಸೇರಿಸಿ, ಅದೇ ಚುಕ್ಕೆ ಮೂಡುವುದನ್ನು ಕಂಡು, ಆ ಚುಕ್ಕೆಯಿಂದ ಅದೇ ಬ್ಯಾಕ್ಟೀರಿಯಾವನ್ನು ಮತ್ತೆ ಬೇರ್ಪಡಿಸುವುದು. ಇದಕ್ಕೆ ವಾರಗಳು ಬೇಕು. ಪಿಸಿಆರ್ ವಿಧಾನ ಅದನ್ನು ಗಂಟೆಗಳಿಗೆ ಇಳಿಸಿದೆ. ಆದರೆ ಎಲ್ಲೆಡೆ ಬಳಕೆಯಲ್ಲಿರುವ 16ಎಸ್ ಜೀನ್ ಕ್ಸಾಂತೊಮೋನಾಸ್ ಬಳಗದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಗೈರೇಸ್‌ನಂಥ ಬೇರೆ ಜೀನ್‌ಗಳನ್ನು ಓದಬೇಕಾಗುತ್ತದೆ.

ಆಂಟಿಬಯಾಟಿಕ್ ಪುಡಿಯ ಪ್ರಶ್ನೆ

ತೋಟಗಳಿಗೆ ಸಿಂಪಡಿಸುವ ಪುಡಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ 9:1 ಮಿಶ್ರಣ. ಅದು ನಾಟುತ್ತದೆಯೇ ಎಂಬುದನ್ನು ತಿಳಿಯುವುದು ಕಷ್ಟವೇನಲ್ಲ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಔಷಧದಲ್ಲಿ ನೆನೆಸಿದ ಕಾಗದದ ಬಿಲ್ಲೆಯನ್ನಿಟ್ಟರೆ, ಔಷಧ ನಾಟುವಂತಿದ್ದಲ್ಲಿ ಬಿಲ್ಲೆಯ ಸುತ್ತ ಬೆಳವಣಿಗೆಯಿಲ್ಲದ ಬಯಲು ಉಳಿಯುತ್ತದೆ. ನಿರೋಧಶಕ್ತಿ ಪಡೆದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆಯುತ್ತದೆ. ಶಿಲೀಂಧ್ರದ ಚುಕ್ಕೆಗೆ ಇದೇ ಪುಡಿ ಹೊಡೆದರೆ ರೋಗ ಕಡಿಮೆಯಾಗದು, ತೋಟದ ಇತರ ಬ್ಯಾಕ್ಟೀರಿಯಾಗಳಿಗೆ ಮಾತ್ರ ನಿರೋಧ ಕಲಿಸಿದಂತಾಗುತ್ತದೆ. ಈ ಎರಡು ಔಷಧಗಳ ಕೃಷಿ ಬಳಕೆಯನ್ನು 2024ರ ಜನವರಿಯಿಂದ ಸಂಪೂರ್ಣ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದರ ಹಿಂದೆ ಇದ್ದ ಆತಂಕ ಇದೇ.

ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಪತ್ತೆಯಾದಾಗ ಕ್ಷಯರೋಗದ ಮೊದಲ ಪರಿಣಾಮಕಾರಿ ಔಷಧವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಕ್ಷಯದ ಬ್ಯಾಕ್ಟೀರಿಯಾ ಮೇಣದಂಥ ಹೊದಿಕೆಯಿಂದಾಗಿ ಗ್ರಾಮ್ ಬಣ್ಣವನ್ನು ಸರಿಯಾಗಿ ಹೀರದು. ಅದಕ್ಕೆಂದು ಜೀಲ್–ನೀಲ್ಸನ್ ವಿಧಾನವಿದೆ: ಕಫದ ಲೇಪದ ಮೇಲೆ ಕಾರ್ಬಾಲ್ ಫ್ಯುಕ್ಸಿನ್ ಸುರಿದು ಆವಿ ಬರುವಷ್ಟು ಕಾಯಿಸಿ, ಶೇ 25ರ ಗಂಧಕಾಮ್ಲದಿಂದ ತೊಳೆದು, ಮೆಥಿಲೀನ್ ಬ್ಲೂ ಹಚ್ಚಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಾಣುತ್ತವೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇಲ್ಲದಿದ್ದರೆ ಇವು ಕಣ್ಣಿಗೆ ಬೀಳುವುದಿಲ್ಲ. ಮಾಧ್ಯಮದಲ್ಲಿ ಬೆಳೆಸಲು ಆರರಿಂದ ಎಂಟು ವಾರ ಹಿಡಿಯುತ್ತದೆ.

ತೊಗರಿಗೆ ಬೇಕಾದ ಬ್ಯಾಕ್ಟೀರಿಯಾ

ಎಲ್ಲ ಬ್ಯಾಕ್ಟೀರಿಯಾ ವೈರಿಗಳಲ್ಲ. ನಾಲ್ಕೂ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಬಿತ್ತುವ ತೊಗರಿಯ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ರೈಜೋಬಿಯಂ ಇದೆ. ಬೀಜೋಪಚಾರಕ್ಕೆ ಮಾರುವ ಇದರ ಪುಡಿ 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿದ್ದು, ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂಬ ನಿಯಮವಿದೆ. ಅಷ್ಟನ್ನು ಎಣಿಸುವುದು ಹೇಗೆ? 10 ಗ್ರಾಂ ಪುಡಿಯನ್ನು 90 ಮಿಲಿಲೀಟರ್ ನೀರಿಗೆ ಹಾಕಿ, ಅದರಿಂದ ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತಾ ಹತ್ತು ಲಕ್ಷ ಪಟ್ಟಿಗೆ ತಲುಪಿದ ದ್ರಾವಣದ ಒಂದು ಮಿಲಿಲೀಟರನ್ನು ತಟ್ಟೆಗೆ ಹಾಕಿದಾಗ 50 ಕಾಲೊನಿ ಬಂದರೆ ಲೆಕ್ಕ 5 ಕೋಟಿಗೆ ಸರಿಹೋಗುತ್ತದೆ. ಮಾಧ್ಯಮಕ್ಕೆ ಕಾಂಗೋ ರೆಡ್ ಬಣ್ಣ ಬೆರೆಸಿ ಕತ್ತಲಲ್ಲಿ ಬೆಳೆಸಿದರೆ ರೈಜೋಬಿಯಂ ಬಿಳಿಯಾಗಿಯೇ ಉಳಿದು, ಬೆರಕೆಯ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕೆಂಪಾಗುತ್ತವೆ. ಏಪ್ರಿಲ್‌ನಲ್ಲಿ ತಗಡಿನ ಚಾವಣಿಯ ಗೋದಾಮಿನಲ್ಲಿ ಉಳಿದ ಪೊಟ್ಟಣ ಜೂನ್‌ನ ಬಿತ್ತನೆಯ ಹೊತ್ತಿಗೆ ಬರಿಯ ಇದ್ದಿಲ ಪುಡಿಯಾಗಿರುವ ಸಂಭವವಿದೆ.

ಮಾದರಿ ಒಯ್ಯುವವರಿಗೆ ಒಂದೆರಡು ಮಾತು. ಔಷಧ ಸಿಂಪಡಿಸುವ ಮುನ್ನ, ಹೊಸದಾಗಿ ಚುಕ್ಕೆ ಮೂಡಿದ ಎಲೆಗಳನ್ನು ಆಯಬೇಕು; ಒಣಗಿ ಕಪ್ಪಾದ ಹಳೆಯ ಎಲೆಯಲ್ಲಿ ರೋಗಕಾರಕಕ್ಕಿಂತ ಕೊಳೆತಿನಿಗಳೇ ಹೆಚ್ಚಿರುತ್ತವೆ. ಒದ್ದೆ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಕಾಗದದ ಮಡಿಕೆಯಲ್ಲಿಟ್ಟು, ಬಿಸಿಲಿಗೆ ತಾಗದಂತೆ, ಸಾಧ್ಯವಾದರೆ ಅದೇ ದಿನ ತಲುಪಿಸಬೇಕು. ತೋಟದ ಊರು, ಗಿಡದ ವಯಸ್ಸು, ಈಗಾಗಲೇ ಹೊಡೆದ ಔಷಧ ಇವನ್ನು ಚೀಟಿಯಲ್ಲಿ ಬರೆದಿರಬೇಕು. ಇಂಡಿಯ ಕೃಷಿ ವಿಜ್ಞಾನ ಕೇಂದ್ರ, ವಿಜಯಪುರದ ಹಿಟ್ಟಿನಹಳ್ಳಿಯ ಕೃಷಿ ಮಹಾವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ದಾಳಿಂಬೆಗಾದರೆ ಸೋಲಾಪುರದ ಸಂಶೋಧನಾ ಕೇಂದ್ರ ಈ ಭಾಗದವರು ವಿಚಾರಿಸಬಹುದಾದ ಹತ್ತಿರದ ಸಂಸ್ಥೆಗಳಾಗಿವೆ.