1453ರ ಪ್ರಶ್ನೆ ಮತ್ತು ಬೀದರಿನ ಪತ್ರ

ಹೈಸ್ಕೂಲಿನ ಇತಿಹಾಸದಲ್ಲಿ ಒಂದು ಹಳೆಯ ಪ್ರಶ್ನೆಯಿದೆ. ಯುರೋಪಿಯನ್ನರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕಿದ್ದೇಕೆ? ಉತ್ತರವೂ ಸಿದ್ಧವಾಗಿದೆ: 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡು ವ್ಯಾಪಾರದ ದಾರಿ ಮುಚ್ಚಿದರು. ಬೆಂಗಳೂರಿನ ವಿದ್ಯಾರ್ಥಿಯಂತೆ ಯಡ್ರಾಮಿಯ ವಿದ್ಯಾರ್ಥಿಯೂ ಇದನ್ನು ಬಾಯಿಪಾಠ ಮಾಡಿ ಬರೆಯುತ್ತಾನೆ, ಅಂಕ ಪಡೆಯುತ್ತಾನೆ, ಮರೆಯುತ್ತಾನೆ. ಅವನ ಪಾಲಿಗೆ ಅದು ಎಲ್ಲೋ ದೂರದಲ್ಲಿ ನಡೆದ ಸಂಗತಿ.

ನಿಜಕ್ಕೂ ಅದು ಅಷ್ಟು ದೂರವೇ? ಅದೇ 1453ರ ಸುಮಾರಿಗೆ ಇರಾನಿನ ಗೀಲಾನ್ ಪ್ರದೇಶದ ವರ್ತಕನೊಬ್ಬ ದಾಬೋಲ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಅವನೇ ಮಹಮೂದ್ ಗವಾನ್. ಆಗ ಕಲಬುರಗಿ ಸೀಮೆಯೆಲ್ಲ ಬೀದರಿನಿಂದ ಆಳುತ್ತಿದ್ದ ಬಹಮನಿ ಸುಲ್ತಾನರ ಕೈಯಲ್ಲಿತ್ತು. ಮುಂದೆ ಆ ರಾಜ್ಯದ ಪ್ರಧಾನಿಯಾದ ಗವಾನ್ ಬರೆದ ಪರ್ಷಿಯನ್ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಇಂದಿಗೂ ಉಳಿದಿದೆ. ತುರ್ಕಿಯ ಸುಲ್ತಾನ ಎರಡನೇ ಮೆಹಮದನಿಗೆ ಬರೆದ ಪತ್ರಗಳೂ ಅದರಲ್ಲಿವೆ. ಕಾನ್‌ಸ್ಟಾಂಟಿನೋಪಲ್ ಗೆದ್ದವನು ಇದೇ ಮೆಹಮದ್! ಗವಾನನ ಕಾಲದಲ್ಲೇ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದು ತನ್ನ ಕುದುರೆ ಮಾರಿದ, ಕಂಡದ್ದನ್ನು ಬರೆದಿಟ್ಟ. 1472ರಲ್ಲಿ ಗವಾನ್ ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ನಿಂತಿದೆ. ಯಡ್ರಾಮಿಯಿಂದ ಒಂದೇ ಹಗಲಿನಲ್ಲಿ ಅಲ್ಲಿಗೆ ತಲುಪಬಹುದು. ಜಗತ್ತಿನ ಇತಿಹಾಸ ನಮ್ಮ ಸೀಮೆಯನ್ನು ಬಿಟ್ಟು ಹೋಗಿಲ್ಲ.

ಇನ್ನು ಆ ಸಿದ್ಧ ಉತ್ತರದ ವಿಚಾರ. 'ತುರ್ಕರು ದಾರಿ ಮುಚ್ಚಿದರು' ಎಂದು ಓದುವಾಗ ತರಗತಿಯ ಕೆಲವು ಕಣ್ಣುಗಳು ಮುಸ್ಲಿಂ ಹುಡುಗನತ್ತ ಹೊರಳುವುದುಂಟು. ಮಕ್ಕಳ ತಪ್ಪೇನೂ ಇಲ್ಲ. ನಾವು ಅವರಿಗೆ ಒಂದು ಸಾಲು ಕೊಟ್ಟೆವು, ಅದನ್ನು ಪರೀಕ್ಷಿಸುವುದನ್ನು ಕಲಿಸಲಿಲ್ಲ. ಗೋಡೆಗೆ ಒಂದು ಭೂಪಟ ತೂಗುಹಾಕಿ, ಹಲಗೆಯ ಮೇಲೆ ಇಸವಿಗಳನ್ನು ಬರೆದರೆ ಸಾಕು. ಪೋರ್ಚುಗೀಸರು ಆಫ್ರಿಕಾದ ಸಿಯೂಟಾ ಬಂದರನ್ನು ಹಿಡಿದದ್ದು 1415ರಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್ ಬೀಳುವುದಕ್ಕೆ 38 ವರ್ಷ ಮೊದಲು. ನಮ್ಮ ಮೆಣಸು ಯುರೋಪಿಗೆ ಹೋಗುತ್ತಿದ್ದ ಮುಖ್ಯ ದಾರಿ ಈಜಿಪ್ಟಿನದು. 1517ರವರೆಗೆ ಈಜಿಪ್ಟ್ ಇದ್ದದ್ದು ಮಾಮ್ಲೂಕರ ಕೈಯಲ್ಲಿ, ಆಟೊಮನ್ ತುರ್ಕರ ಕೈಯಲ್ಲಲ್ಲ. ವೆನಿಸ್ ನಗರದ ವರ್ತಕರು ಅಲೆಕ್ಸಾಂಡ್ರಿಯದಲ್ಲಿ ಮೆಣಸು ಕೊಳ್ಳುತ್ತಲೇ ಇದ್ದರು. ಈ ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ಲಾಭ ಗಳಿಸುವ ಆಸೆಯೂ ವಾಸ್ಕೋ ಡ ಗಾಮನನ್ನು 1498ರಲ್ಲಿ ಕಲ್ಲಿಕೋಟೆಗೆ ತಂದಿತು.

ಹೀಗೆಂದು ತುರ್ಕರನ್ನು ಹೊಗಳಬೇಕಿಲ್ಲ. ಅವರೂ ಯುದ್ಧ ಮಾಡಿಯೇ ಗೆದ್ದವರು. ಗವಾನನೂ ಗೋವೆಯ ಮೇಲೆ ದಂಡೆತ್ತಿ ಹೋದವನೇ. ಹೊಗಳಿಕೆ, ತೆಗಳಿಕೆ ಎರಡನ್ನೂ ಬದಿಗಿಟ್ಟು 'ಇದು ಹೇಗೆ ಗೊತ್ತು?' ಎಂದು ಕೇಳುವುದನ್ನು ಹದಿನೈದರ ವಯಸ್ಸಿನಲ್ಲೇ ಕಲಿಸಬಹುದು.

ಆ ಪ್ರಶ್ನೆಯನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗವಾನನೇ ಸಾಕ್ಷಿ. ಒಡಿಶಾದ ಅರಸನಿಗೆ ಅವನು ದ್ರೋಹದ ಪತ್ರ ಬರೆದನೆಂದು ವಿರೋಧಿಗಳು ಅವನ ಮೊಹರು ಒತ್ತಿದ ನಕಲಿ ಪತ್ರವೊಂದನ್ನು ಸುಲ್ತಾನನ ಮುಂದಿಟ್ಟರು. ಸುಲ್ತಾನ ವಿಚಾರಿಸಲಿಲ್ಲ. 1481ರಲ್ಲಿ ಗವಾನನ ತಲೆ ಉರುಳಿತು. ಸತ್ಯ ತಿಳಿದಾಗ ಹೊತ್ತು ಮೀರಿತ್ತು. ನಕಲಿ ಸುದ್ದಿಗಳು ಗಳಿಗೆಗೊಂದರಂತೆ ಮೊಬೈಲಿಗೆ ಬಂದು ಬೀಳುತ್ತಿರುವ ಈ ದಿನಗಳಲ್ಲಿ ನಮ್ಮ ಮಕ್ಕಳಿಗೆ ಈ ಪಾಠಕ್ಕಿಂತ ಅಗತ್ಯವಾದದ್ದು ಬೇರೆ ಯಾವುದಿದೆ?