ಪ್ಲೇಟ್‌ಲೆಟ್: ವಯಸ್ಸು ಮತ್ತು ಕಾರ್ಯ

ಗಾಯವಾದಾಗ ರಕ್ತನಾಳದ ಬಿರುಕಿಗೆ ಮೊದಲು ಅಂಟಿಕೊಂಡು ರಕ್ತಸ್ರಾವ ತಡೆಯುವ, ಕೋಶಕೇಂದ್ರವಿಲ್ಲದ ಕಣವೇ ಕಿರುಬಿಲ್ಲೆ, ಅಂದರೆ ಪ್ಲೇಟ್‌ಲೆಟ್. ಮೂಳೆಮಜ್ಜೆಯ ದೈತ್ಯಕೋಶಗಳಿಂದ ಚೂರುಚೂರಾಗಿ ಹೊರಬರುವ ಇದರ ಆಯುಸ್ಸು 7ರಿಂದ 10 ದಿನ. ಕಂದಿಕೆರೆ, ತಿಪಟೂರು ಸೀಮೆಯಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೇ ಒಳ್ಳೆಯ ಕೊಬ್ಬರಿ. ಪ್ಲೇಟ್‌ಲೆಟ್‌ನ ಲೆಕ್ಕ ಇದಕ್ಕೆ ತದ್ವಿರುದ್ಧ. ಎಳೆಯವುಗಳಲ್ಲಿ ಆರ್‌ಎನ್‌ಎ ಇನ್ನೂ ಉಳಿದಿರುತ್ತದೆ. ಅವು ಸಾಮಾನ್ಯವಾಗಿ ದೊಡ್ಡವು, ಚುರುಕು. ವಯಸ್ಸಾದಂತೆ ಮೇಲ್ಮೈಯ ಸಿಯಾಲಿಕ್ ಆಮ್ಲ ಸವೆಯುತ್ತದೆ. ಅದನ್ನು ಗುರುತಿಸಿದ ಯಕೃತ್ತು ಅಂಥ ಕಣಗಳನ್ನು ನುಂಗುತ್ತದೆ, ಜೊತೆಗೆ ಹೊಸವುಗಳ ಉತ್ಪತ್ತಿಗೆ ಬೇಕಾದ ಥ್ರಾಂಬೊಪೊಯೆಟಿನ್ ಹಾರ್ಮೋನನ್ನೂ ಹೆಚ್ಚಿಸುತ್ತದೆ. ಮುದಿ ಕಣವೇ ತನ್ನ ಉತ್ತರಾಧಿಕಾರಿಗೆ ಕರೆ ಕಳಿಸಿದಂತೆ.

ಆಸ್ಪಿರಿನ್ ತಟ್ಟಿದ ಪ್ಲೇಟ್‌ಲೆಟ್ ಸಾಯುವವರೆಗೂ ಚೇತರಿಸಿಕೊಳ್ಳದು. ಆದರೆ ದಿನಕ್ಕೆ ಸುಮಾರು ಹತ್ತನೆಯ ಒಂದು ಭಾಗ ಹೊಸದಾಗಿ ಸೇರುವುದರಿಂದ ಔಷಧದ ಪರಿಣಾಮ ಮೆಲ್ಲನೆ ಇಳಿಯುತ್ತದೆ. ಹೊಸ ಕಣಗಳು ವೇಗವಾಗಿ ಹುಟ್ಟುವ ಮಧುಮೇಹಿಗಳಲ್ಲಿ ಅದು ಇನ್ನೂ ಬೇಗ ಇಳಿಯಬಹುದು.

ತೋಟದ ಕರಟದಲ್ಲಿ ನಿಂತ ಮಳೆನೀರಿನಲ್ಲೂ ಡೆಂಗಿಯ ಈಡಿಸ್ ಸೊಳ್ಳೆ ಮರಿಮಾಡುತ್ತದೆ. ಈ ಜ್ವರದಲ್ಲಿ ಊರವರ ಕಣ್ಣೆಲ್ಲ ಪ್ಲೇಟ್‌ಲೆಟ್ ಎಣಿಕೆಯ ಮೇಲೆ. ಎಳೆಯ ಕಣಗಳ ಪಾಲು ಏರಿದ್ದರೆ ಎಣಿಕೆಯೂ ಏರುವ ಮುನ್ಸೂಚನೆ. ದೇಹದ ಹೊರಗೂ ಇವುಗಳ ಆಯುಸ್ಸು ಕಿರಿದೇ: ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್‌ಗಳನ್ನು 20–24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸದಾ ಅಲುಗಿಸುತ್ತ, ಸಾಮಾನ್ಯವಾಗಿ 5 ದಿನ ಮಾತ್ರ ಇಡುತ್ತಾರೆ.