ಮೈ ಮುಟ್ಟುವ ಮುಂಚೆ ಹೇಳಬೇಕಾದ ಮಾತು

ಹುಟ್ಟೇ ಗುನ್ನೆ ಅಂತ ಬ್ರಿಟಿಷರು 1871ರಲ್ಲಿ ಕಾಯಿದೆ ಬರೆದರು. 1911ರಲ್ಲಿ ಅದು ಬ್ರಿಟಿಷ್ ಇಂಡಿಯಾ ಪೂರ್ತಿ ಹಬ್ಬಿತು. ಪಟ್ಟಿಗೆ ಸೇರಿದವರು ಹಾಜರಿ ಹಾಕಬೇಕು, ಚೀಟಿಯಿಲ್ಲದೆ ಊರು ದಾಟಬಾರದು. ಹುಬ್ಬಳ್ಳಿಯ ಸೆಟ್ಲಮೆಂಟು ಅದರದೇ ಕೂಸು. 1952ರಲ್ಲಿ ಕಾಯಿದೆ ಸತ್ತಿತು. ನಮ್ಮ ಗುಡಿಸಲಿಗೇ ಮೊದಲು ನುಗ್ಗುವ ಚಾಳಿ ಸಾಯಲಿಲ್ಲ.

1985ರಲ್ಲಿ ಮಾದಕ ವಸ್ತು ಕಾಯಿದೆ ಬಂತು. ಮೈ ತಲಾಶಿಗೆ ಮುಂಚೆ ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಿರಿ ಎಂದು ಕೇಳುವ ಹಕ್ಕು ಅದರ 50ನೇ ಕಲಮಿನಲ್ಲಿದೆ. ಹೆಂಗಸನ್ನು ಹೆಂಗಸೇ ತಲಾಶಿ ಮಾಡಬೇಕು. ಆದರೆ ಗೊತ್ತೇ ಇಲ್ಲದ ಹಕ್ಕನ್ನು ಕೇಳೋದು ಹೆಂಗೆ? ಆ ಹಕ್ಕನ್ನು ಪೊಲೀಸರೇ ತಿಳಿಸಬೇಕೆಂದು 1999ರಲ್ಲಿ ಬಲದೇವ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2010ರಲ್ಲಿ ಅದನ್ನೇ ಇನ್ನಷ್ಟು ಬಿಗಿ ಮಾಡಿತು. ಕೈಚೀಲದ ತಲಾಶಿಗೆ ಮಾತ್ರ ಇದು ಅನ್ವಯಿಸದು ಎಂದು 2005ರಲ್ಲೇ ತೀರ್ಪಾಗಿದೆ.

ಚಟಕ್ಕೆ ಬಿದ್ದವನಿಗೆ ಜೈಲೊಂದೇ ದಾರಿಯಲ್ಲ. ಬರೀ ಸೇವನೆಯ ಇಲ್ಲವೇ ಅಲ್ಪ ಪ್ರಮಾಣದ ಆರೋಪವಿದ್ದ ವ್ಯಸನಿ ತಾನಾಗಿ ಸರಕಾರಿ ಅಥವಾ ಸರಕಾರದ ಮಾನ್ಯತೆಯ ಆಸ್ಪತ್ರೆ ಸೇರಿ ಚಿಕಿತ್ಸೆ ಮುಗಿಸಿದರೆ, 64ಎ ಕಲಮು ಅವನನ್ನು ಮೊಕದ್ದಮೆಯಿಂದ ಕಾಯುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ತಪ್ಪಬಹುದು. ಗಾಂಜಾದಲ್ಲಿ ಅಲ್ಪವೆಂದರೆ 1 ಕಿಲೋವರೆಗೆ. ತಪ್ಪಿತಸ್ಥನೆಂದು ತೀರ್ಪಾದ ಮೇಲೂ 39ನೇ ಕಲಮಿನ ಪ್ರಕಾರ ಕೋರ್ಟು ಅಂಥವನನ್ನು ಚಿಕಿತ್ಸೆಗೆ ಕಳಿಸಬಹುದು.

ವಕೀಲರನ್ನು ಇಟ್ಟುಕೊಂಡ ಉಳ್ಳವರಿಗೆ ಇದೆಲ್ಲ ಗೊತ್ತು. ಅವರ ಮಗ ಆಸ್ಪತ್ರೆಗೆ, ನಮ್ಮ ಹುಡುಗ ಲಾಕಪ್ಪಿಗೆ. ಪೊಲೀಸರು ಬಂದು ಹೇಳಲಿ ಅಂತ ಕಾಯೋದು ಬೇಡ. ಕೇರಿಯ ಕಟ್ಟೆಯಲ್ಲಿ, ಹಾಸ್ಟೆಲಿನಲ್ಲಿ, ಶಾಲೆಯ ಜಗಲಿಯಲ್ಲಿ ಈ ಕಲಮುಗಳನ್ನು ನಾವೇ ಓದಿ ಹೇಳೋಣ.